ತೇಪೆ ಹಾಕಿದ ಕಂಬಳಿ

ಕಳೆದ ತಿಂಗಳು ನನ್ನ ಮೊಮ್ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಏಳನೇ ತರಗತಿಯ ಮಕ್ಕಳನ್ನು ಚಿತ್ರದುರ್ಗದ ಜೋಗಿಮಟ್ಟಿ ಕಡೆ ಎರಡು ದಿನದ ಶಿಬಿರಕ್ಕೆ ಕರೆದೊಯ್ಯುತ್ತಾರಂತೆ. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಟಾರ್ಚು, ನೀರಿನ ಬಾಟಲಿ, ಟೋಪಿ, ಬೆಚ್ಚನೆಯ ಹೊದಿಕೆ ಎಂದೆಲ್ಲ ಇತ್ತು. ಹೊದಿಕೆ ಎಂಬ ಮಾತು ಕಂಡದ್ದೇ ತಡ, ನಾನು ಒಳಗೆ ಹೋಗಿ ಕಬ್ಬಿಣದ ಟ್ರಂಕು ತೆಗೆದು ಅದರ ತಳದಲ್ಲಿದ್ದ ಕರಿ ಕಂಬಳಿಯನ್ನು ಹೊರಗೆಳೆದೆ. ಬೇವಿನ ಸೊಪ್ಪಿನ ವಾಸನೆ ಮನೆಯೆಲ್ಲ ಹರಡಿತು.

ಮೊಮ್ಮಗಳು ಮೂಗು ಮುಚ್ಚಿಕೊಂಡಳು. ‘ಅಯ್ಯೋ ತಾತ, ಇದನ್ನ ತಗೊಂಡು ಹೋದ್ರೆ ಎಲ್ಲರೂ ನಗ್ತಾರೆ. ನಂಗೆ ಸ್ಲೀಪಿಂಗ್ ಬ್ಯಾಗ್ ಬೇಕು’ ಅಂದಳು. ಆಮೇಲೆ ಕಂಬಳಿಯ ಒಂದು ಮೂಲೆ ಹಿಡಿದು, ‘ಇಲ್ಲೇನಿದು, ಇಷ್ಟು ದೊಡ್ಡ ತೇಪೆ? ಬಣ್ಣಾನೂ ಬೇರೆ!’ ಎಂದು ಕೇಳಿದಳು.

ಕರಿ ಕಂಬಳಿಯ ನಡುವೆ ಅಂಗೈಯಗಲದ ಕಂದು ತೇಪೆ. ಆ ತೇಪೆ ಕುರಿಯ ಉಣ್ಣೆಯದಲ್ಲ. ಅದು ಯಾಕ್ ಎನ್ನುವ ಹಿಮಾಲಯದ ಪ್ರಾಣಿಯ ಕೂದಲು. ಪರಶುರಾಂಪುರದ ಕಂಬಳಿಗೆ ಯಾಕ್ ಕೂದಲಿನ ತೇಪೆ ಬಿದ್ದದ್ದು ಹೇಗೆ ಎಂದು ಅವಳಿಗೆ ಹೇಳಿದ ಕಥೆಯನ್ನೇ ಈಗ ನಿಮಗೂ ಹೇಳುತ್ತೇನೆ.

ನಮ್ಮಪ್ಪ ಕುರಿ ಕಾಯುತ್ತಿದ್ದ. ನಮ್ಮ ಚಳ್ಳಕೆರೆ ಸೀಮೆ ನಿಮಗೆ ಗೊತ್ತಲ್ಲ, ಮಳೆ ಕಡಿಮೆ. ಶೇಂಗಾ ಬೆಳೆದರೆ ಉಂಟು, ಇಲ್ಲದಿದ್ದರೆ ಕುರಿಯೇ ಗತಿ. ಊರ ಬಳಿಯ ವೇದಾವತಿಯಲ್ಲಿ ನಾನು ಹುಡುಗನಾಗಿದ್ದಾಗ ನೀರಿಗಿಂತ ಮರಳನ್ನೇ ಹೆಚ್ಚು ಕಂಡದ್ದು. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ, ನನ್ನ ವಯಸ್ಸಿನವರೆಲ್ಲ ಹೊಳೆ ನೋಡಲು ಮಕ್ಕಳ ಹಾಗೆ ಓಡಿದ್ದೆವು.

ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಅವ್ವ ಅದನ್ನು ಹಿಂಜಿ ನೂಲುತ್ತಿದ್ದಳು. ದೊಡ್ಡಪ್ಪ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಿದ್ದರು. ಹಾಗೆ ಮಾಡಿದ ಕಂಬಳಿ ಗಟ್ಟಿ. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡರೆ ನೀರು ಬೇಗ ಒಳಗಿಳಿಯುವುದಿಲ್ಲ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ.

ಆದರೆ ಮಕ್ಕಳೇ, ನನಗೆ ಆ ಕಂಬಳಿ ಎಂದರೆ ನಾಚಿಕೆ. ಐದನೇ ತರಗತಿಯಲ್ಲಿ ನಾನು ಭಾಗಾಕಾರ ತಪ್ಪು ಮಾಡಿದಾಗ ನಮ್ಮ ಮೇಷ್ಟ್ರೊಬ್ಬರು, ‘ನಿನಗೆ ಓದು ಯಾಕೋ? ಹೋಗು, ಕುರಿ ಕಾಯಿ’ ಅಂದಿದ್ದರು. ಇಡೀ ಕ್ಲಾಸು ನಕ್ಕಿತ್ತು. ಶಾಲೆಯ ಹಿಂದಿನ ಹುಣಸೆ ಮರದ ಕೆಳಗೆ ನಾನು ಸಂಜೆಯವರೆಗೂ ಅತ್ತಿದ್ದೆ. ಅಂದಿನಿಂದ ಗಣಿತವನ್ನು ಹಟದಿಂದ ಓದಿದೆ. ಕಾಲೇಜಿಗೆ ಚಿತ್ರದುರ್ಗಕ್ಕೆ ಹೋದಾಗ ಅಪ್ಪ ಕೊಟ್ಟ ಕಂಬಳಿಯನ್ನು ಹಾಸ್ಟೆಲಿನಲ್ಲಿ ಯಾರಿಗೂ ಕಾಣದ ಹಾಗೆ ಮಂಚದಡಿ ತಳ್ಳಿದ್ದೆ. ಗಣಿತದ ಮೇಷ್ಟ್ರೂ ಆದೆ.

2001ರಲ್ಲಿ ನನಗೆ ಭೂತಾನಿನ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಭೂತಾನ್ ಭಾರತದ ಪಕ್ಕದಲ್ಲೇ, ಹಿಮಾಲಯದ ಮಡಿಲಲ್ಲಿರುವ ಪುಟ್ಟ ರಾಜ್ಯ. ಅಲ್ಲಿ 1961ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಶುರುವಾಗಿ ಊರೂರಿಗೆ ಶಾಲೆ ತೆರೆಯುವಾಗ ಕಲಿಸುವವರು ಸಾಲದೆ ಬಂದರು. ಆಗಿನಿಂದಲೂ ಭಾರತದ ಶಿಕ್ಷಕರು, ಅದರಲ್ಲೂ ಕೇರಳದವರು, ಅಲ್ಲಿಗೆ ಹೋಗುತ್ತಿದ್ದರು. 1963ರಲ್ಲಿ ಕೆನಡಾ ಮೂಲದ ಫಾದರ್ ಮ್ಯಾಕಿ ಎಂಬ ಪಾದ್ರಿ ಶಾಲೆ ಕಟ್ಟಲು ಹೋಗಿ, ಕೊನೆಯವರೆಗೂ ಅಲ್ಲಿಯವರೇ ಆಗಿಬಿಟ್ಟರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಮಕ್ಕಳ ನಾಡನುಡಿ ಜೋಂಖಾ.

ನಾನು ಹೊರಟ ದಿನ ಅಪ್ಪ ಬಸ್‌ ಸ್ಟ್ಯಾಂಡಿಗೆ ಬಂದು ಕಂಬಳಿಯ ಸುರುಳಿಯನ್ನು ಕೈಗಿತ್ತ. ‘ಹಿಮ ಬೀಳೋ ಊರಂತೆ. ಮಡಗಿಕೋ’ ಅಂದ. ಬೇಡ ಎನ್ನಲಾಗಲಿಲ್ಲ. ಟ್ರಂಕಿನ ತಳಕ್ಕೆ ಹಾಕಿದೆ. ಬೆಂಗಳೂರಿನಿಂದ ದಿನಗಟ್ಟಲೆ ರೈಲು, ಆಮೇಲೆ ಜೈಗಾಂವ್, ಅಲ್ಲಿಂದ ಒಂದು ದೊಡ್ಡ ಬಣ್ಣದ ಬಾಗಿಲು ದಾಟಿದರೆ ಫುಂಟ್ಶೋಲಿಂಗ್. ಬಾಗಿಲಿನ ಆಚೆ ಬೇರೆ ದೇಶ, ಗಡಿಯಾರವೂ ನಮಗಿಂತ ಅರ್ಧ ಗಂಟೆ ಮುಂದೆ.

ನಮ್ಮ ಶಾಲೆ ವಾಂಗ್ದೂ ಜಿಲ್ಲೆಯಲ್ಲಿತ್ತು. ಹುಡುಗರು ‘ಘೋ’ ಎಂಬ ಮೊಣಕಾಲುದ್ದದ ನಿಲುವಂಗಿ, ಹುಡುಗಿಯರು ‘ಕಿರಾ’ ಎಂಬ ಉದ್ದ ಉಡುಪು ತೊಟ್ಟು ಸಾಲಾಗಿ ನಿಲ್ಲುತ್ತಿದ್ದರು. ಮೊದಲ ದಿನ ಹಾಜರಿ ಕೂಗುವಾಗ ನನಗೆ ನಗು ತಡೆಯಲಾಗಲಿಲ್ಲ. ಒಂದೇ ತರಗತಿಯಲ್ಲಿ ನಾಲ್ಕು ಜನ ‘ಕರ್ಮ’, ಮೂವರು ‘ಸೋನಂ’. ಅಲ್ಲಿ ಹುಡುಗನಿಗೂ ಹುಡುಗಿಗೂ ಅದೇ ಹೆಸರು ಇಡುತ್ತಾರೆ. ‘ಕರ್ಮ’ ಎಂದು ಕೂಗಿದಾಗಲೆಲ್ಲ ನಾಲ್ಕು ಕಡೆಯಿಂದ ‘ಎಸ್ ಲಾ’ ಎಂಬ ಉತ್ತರ ಬರುತ್ತಿತ್ತು. ನಮ್ಮವ್ವ ಕೇಳಿದ್ದರೆ ‘ಇದೇನ್ ಕರ್ಮಾನಪ್ಪ’ ಅನ್ನುತ್ತಿದ್ದಳು! ಮಾತಿನ ಕೊನೆಗೆ ಸೇರಿಸುವ ಆ ‘ಲಾ’ ಮರ್ಯಾದೆಯದು, ನಮ್ಮ ‘ರೀ’ ಇದ್ದ ಹಾಗೆ.

ಅಲ್ಲಿಯವರಿಗೆ ಮೆಣಸಿನಕಾಯಿ ಎಂದರೆ ತರಕಾರಿ. ಮೆಣಸಿನಕಾಯಿ ಮತ್ತು ಗಿಣ್ಣು ಹಾಕಿ ಬೇಯಿಸಿದ ‘ಎಮಾ ದಾತ್ಶಿ’ ದಿನವೂ ಇರಬೇಕು. ಕಾರಕ್ಕೆ ಹೆಸರಾದ ಸೀಮೆಯಿಂದ ಹೋದ ನನಗೇ ಮೊದಲ ವಾರ ಕಣ್ಣಲ್ಲಿ ನೀರು. ಊಟವಾದ ಮೇಲೆ ಎಲೆ ಅಡಿಕೆ ಸುಣ್ಣ ಕಂಡಾಗ ಮಾತ್ರ ಊರಿಗೇ ಬಂದ ಹಾಗಾಯಿತು. ಅಲ್ಲಿ ಅದನ್ನು ‘ದೋಮ’ ಅನ್ನುತ್ತಾರೆ.

ಸ್ಟಾಫ್ ರೂಮಿನಲ್ಲಿ ಒಬ್ಬರು, ‘ನಿಮ್ಮ ತಂದೆಯವರು ಏನು ಮಾಡಿಕೊಂಡಿದ್ದಾರೆ?’ ಎಂದು ಕೇಳಿದರು. ನನ್ನ ಬಾಯಿಂದ ತಟ್ಟನೆ ಬಂದದ್ದು: ‘ಉಣ್ಣೆಯ ವ್ಯಾಪಾರ.’ ಪೂರ್ತಿ ಸುಳ್ಳಲ್ಲ. ಆದರೆ ಸತ್ಯವೂ ಅಲ್ಲ.

ನನ್ನ ಎಂಟನೇ ತರಗತಿಯ ಕೊನೇ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹಾಸ್ಟೆಲಿನವನು. ಅವನ ಊರು ಸೆಫು ಎಂಬ ಎತ್ತರದ ಸೀಮೆ, ಮನೆಯವರು ಯಾಕ್ ಸಾಕುವವರು. ಬೇಸಿಗೆಗೆ ಯಾಕ್‌ಗಳನ್ನು ಬೆಟ್ಟದ ಮೇಲಕ್ಕೆ ಹೊಡೆಯುವುದು, ಚಳಿಗಾಲಕ್ಕೆ ಕೆಳಕ್ಕೆ ಇಳಿಸುವುದು, ಇದೇ ಅವರ ಬದುಕು. ರಜೆ ಮುಗಿದ ಮೂರು ವಾರದ ಮೇಲೆ ಅವನು ಶಾಲೆಗೆ ಬಂದಿದ್ದ. ಮಾತಿಲ್ಲ, ಕತೆಯಿಲ್ಲ. ಗಣಿತದಲ್ಲಿ 100ಕ್ಕೆ 11.

ಒಂದು ದಿನ ಬೋರ್ಡಿನ ಮುಂದೆ ಅವನನ್ನು ನಿಲ್ಲಿಸಿ ಒಂದು ಸುಲಭ ಸಮೀಕರಣ ಕೊಟ್ಟೆ. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತ. ನನಗೆ ರೇಗಿತು. ‘ನಿನಗೆ ಇದು ಬರುವುದಿಲ್ಲ. ಹೋಗು, ಯಾಕ್ ಕಾಯಿ’ ಅಂದೆ. ಕ್ಲಾಸು ನಕ್ಕಿತು. ಅವನು ಸೀಮೆಸುಣ್ಣವನ್ನು ಜೋಪಾನವಾಗಿ ಹಲಗೆಯ ಕೆಳಗಿಟ್ಟು ಹೋಗಿ ಕೂತ.

ಅಂದು ರಾತ್ರಿ ಊಟ ಮಾಡುವಾಗ ನನಗೆ ಹುಣಸೆ ಮರ ನೆನಪಾಯಿತು. ನನ್ನನ್ನು ಅಳಿಸಿದ ಮಾತನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ಇನ್ನೊಬ್ಬ ಹುಡುಗನಿಗೆ ಕೊಟ್ಟಿದ್ದೆ. ಕ್ಷಮೆ ಕೇಳಬೇಕು ಅನ್ನಿಸಿತು. ಆದರೆ ಮೇಷ್ಟ್ರಾದವನು ಹುಡುಗನ ಮುಂದೆ ತಪ್ಪಾಯಿತು ಅನ್ನುವುದು ಹೇಗೆ ಎಂದು ದಿನ ತಳ್ಳಿದೆ. ವಾರಗಳಾದವು, ತಿಂಗಳಾಯಿತು.

2002ರ ನವೆಂಬರಿನಲ್ಲಿ ಎಂಟನೇ ತರಗತಿಯ 40 ಮಕ್ಕಳನ್ನು ಫೋಬ್ಜಿಖಾ ಕಣಿವೆಗೆ ಶಿಬಿರಕ್ಕೆ ಕರೆದೊಯ್ದೆವು. ಮೂವರು ಶಿಕ್ಷಕರು, ಅದರಲ್ಲಿ ಪರದೇಶದವನು ನಾನೊಬ್ಬನೇ. ಫೋಬ್ಜಿಖಾ ಸುಮಾರು 2,900 ಮೀಟರ್ ಎತ್ತರದ ಬಟ್ಟಲಿನಂಥ ಕಣಿವೆ. ಸುತ್ತ ಪೈನ್ ಮರಗಳ ಕಾಡು, ಅಂಚಿನಲ್ಲಿ ಆಲೂಗಡ್ಡೆ ಹೊಲ, ನಡುವೆ ಜೌಗು ನೆಲ. ಚಳಿಗಾಲ ಬರುತ್ತಿದ್ದಂತೆ ಟಿಬೆಟಿನ ಪ್ರಸ್ಥಭೂಮಿಯಿಂದ ಕಪ್ಪು ಕೊರಳಿನ ಕ್ರೌಂಚ ಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಒಂದೊಂದೂ ಸುಮಾರು ನಾಲ್ಕಡಿ ಎತ್ತರ. ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಗಾಂಗ್ಟೆ ಬೌದ್ಧ ಮಠಕ್ಕೆ ಪ್ರದಕ್ಷಿಣೆ ಹಾಕುತ್ತವೆ ಎಂದು ಅಲ್ಲಿಯವರ ನಂಬಿಕೆ. 1998ರಿಂದ ಪ್ರತಿ ವರ್ಷ ನವೆಂಬರ್ 11ರಂದು ಆ ಮಠದ ಅಂಗಳದಲ್ಲಿ ಕ್ರೌಂಚ ಹಬ್ಬ ನಡೆಯುತ್ತದೆ. ಆ ಹಬ್ಬ ನೋಡುವುದೇ ನಮ್ಮ ಶಿಬಿರದ ನೆಪ.

ನಮ್ಮ ಹಿರಿಯ ಶಿಕ್ಷಕಿಯೊಬ್ಬರು ಬಸ್ಸಿಳಿಯುವ ಮೊದಲೇ ಮಕ್ಕಳಿಗೆ ಎಚ್ಚರಿಕೆ ಕೊಟ್ಟರು: ಜೌಗಿನ ಹತ್ತಿರ ಹೋಗಬಾರದು, ಕೂಗಬಾರದು, ಹಕ್ಕಿ ಬೆದರಿದರೆ ಕಣಿವೆ ಬಿಟ್ಟು ಹೋಗುತ್ತದೆ. ಆ ಕೊನೆಯ ಮಾತು ಮಕ್ಕಳ ಮನಸ್ಸಿಗೆ ಎಷ್ಟು ನಾಟಿತ್ತು ಎಂಬುದು ಸಂಜೆ ಗೊತ್ತಾಯಿತು.

ಡೇರೆ ಹಾಕಲು ಶುರು ಮಾಡಿದೆವು. ನಾನು ಹೊಡೆದ ಗೂಟ ಮೂರು ಸಲ ಕಿತ್ತು ಬಂತು. ನಾನು ಕಟ್ಟಿದ ಹಗ್ಗ ಗಾಳಿಗೆ ಬಿಚ್ಚಿತು. ಕೊನೇ ಬೆಂಚಿನ ಹುಡುಗ ಬಂದು, ಏನೂ ಹೇಳದೆ ಗೂಟವನ್ನು ಓರೆಯಾಗಿ ಹೊಡೆದು, ಹಗ್ಗಕ್ಕೆ ಒಂದು ಗಂಟು ಹಾಕಿ ಮುಂದಿನ ಡೇರೆಗೆ ಹೋದ. ಎರಡು ಗಂಟೆಯಲ್ಲಿ ಎಲ್ಲ ಡೇರೆಗಳೂ ನಿಂತವು. ತರಗತಿಯಲ್ಲಿ ತಲೆಯೆತ್ತದವನು ಇವನೇನಾ ಅನ್ನಿಸಿತು.

ಹೊತ್ತು ಮುಳುಗುವಾಗ ಹಕ್ಕಿಗಳು ಬಂದವು. ಮೊದಲು ದೂರದಿಂದ ಕಹಳೆಯಂಥ ಸದ್ದು. ಆಮೇಲೆ ಗುಂಪು ಗುಂಪಾಗಿ ರೆಕ್ಕೆ ಚಾಚಿ, ಕಾಲು ಇಳಿಬಿಟ್ಟು ಜೌಗಿನ ನೀರಿಗಿಳಿದವು. ನರಿ, ಚಿರತೆಗಳ ಭಯಕ್ಕೆ ರಾತ್ರಿಯೆಲ್ಲ ನೀರಿನಲ್ಲೇ ನಿಂತು ನಿದ್ದೆ ಮಾಡುತ್ತವಂತೆ. 40 ಮಕ್ಕಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಕತ್ತಲಾದ ಮೇಲೆ ತಲೆ ಎಣಿಸುವ ಕೆಲಸ ನನ್ನದು. ಗಣಿತದ ಮೇಷ್ಟ್ರಲ್ಲವೇ! ಎಣಿಸಿದೆ, 39. ಮತ್ತೆ ಎಣಿಸಿದೆ, 39. ಮೂರನೇ ಸಲ 40 ಬಂತು, ಏಕೆಂದರೆ ಒಬ್ಬ ಸಾಲು ಬದಲಿಸಿದ್ದ. ನನಗೆ ಚಳಿಯಲ್ಲೂ ಬೆವರು. ಆಗ ಆ ಹುಡುಗ ಬೆಂಕಿಯ ಪಕ್ಕದಿಂದ ಎದ್ದು ಸುತ್ತ ಒಮ್ಮೆ ಕಣ್ಣಾಡಿಸಿ, ‘ಸರ್, ಕುಳ್ಳಿ ಸೋನಂ ಇಲ್ಲ. ನೀರಿನ ಕ್ಯಾನೂ ಒಂದು ಕಡಿಮೆ ಇದೆ’ ಅಂದ. ಅವನು ಎಣಿಸಿರಲೇ ಇಲ್ಲ!

ಟಾರ್ಚು ಹಿಡಿದು ಕಾಡಿನಂಚಿನ ತೊರೆಯ ಕಡೆ ಓಡಿದೆವು. ಅವನೇ ಮುಂದೆ. ಆ ಹುಡುಗಿ ತೊರೆಯ ಕಲ್ಲುಗಳ ನಡುವೆ ಜಾರಿ ಬಿದ್ದು, ಕಾಲು ಉಳುಕಿ, ಸೊಂಟದವರೆಗೆ ನೆನೆದು ಕೂತಿದ್ದಳು. ಹಲ್ಲು ಕಟಕಟ ಅನ್ನುತ್ತಿತ್ತು. ‘ಕೂಗಬಾರದಿತ್ತೇನಮ್ಮ?’ ಎಂದು ಕೇಳಿದೆ. ‘ಹಕ್ಕಿ ಹೆದರುತ್ತವೆ ಸರ್’ ಅಂದಳು.

ಹೊತ್ತು ತಂದು ಬಟ್ಟೆ ಬದಲಿಸಿ ಬೆಂಕಿಯ ಪಕ್ಕ ಕೂರಿಸಿದೆವು. ಶಾಲೆಯಿಂದ ತಂದ ಹೊದಿಕೆಗಳು ತೆಳುವು, ಎರಡು ಹೊದಿಸಿದರೂ ನಡುಕ ನಿಲ್ಲಲಿಲ್ಲ. ಶಿಕ್ಷಕಿ ಗಾಬರಿಯಿಂದ, ‘ಯಾರ ಹತ್ತಿರವಾದರೂ ದಪ್ಪನೆಯದು ಏನಾದರೂ ಇದೆಯೇ?’ ಎಂದರು.

ನನ್ನ ಚೀಲದ ತಳದಲ್ಲಿ ಕಂಬಳಿಯಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಗುಟ್ಟಾಗಿ ಹೊದೆಯೋಣವೆಂದು ತಂದಿದ್ದೆ. ಒಂದು ಕ್ಷಣ ಸುಮ್ಮನಿದ್ದೆ. ಹೌದು ಮಕ್ಕಳೇ, ಮಗು ನಡುಗುತ್ತಿದ್ದರೂ ಒಂದು ಕ್ಷಣ ಸುಮ್ಮನಿದ್ದೆ, ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಆಮೇಲೆ ಎದ್ದು ಹೋಗಿ ತಂದು ಅವಳಿಗೆ ಸುತ್ತಿದೆ. ತಲೆಯ ಮೇಲಿಂದ ಕೊಪ್ಪೆ ಹಾಕಿದೆ, ನಮ್ಮಪ್ಪ ಮಳೆಯಲ್ಲಿ ನನಗೆ ಹಾಕುತ್ತಿದ್ದ ಹಾಗೆ. ಬಿಸಿ ಬಿಸಿ ಬೇಯಿಸಿದ ಆಲೂಗಡ್ಡೆ, ಮೆಣಸಿನಕಾಯಿ ಚಟ್ನಿ ತಿಂದು ಸ್ವಲ್ಪ ಹೊತ್ತಿಗೆ ಅವಳ ಮುಖಕ್ಕೆ ಬಣ್ಣ ಬಂತು.

ಪೈನ್ ಸೌದೆಯಲ್ಲಿ ಅಂಟು ಹೆಚ್ಚು, ಚಟಪಟ ಸಿಡಿಯುತ್ತದೆ. ಒಂದು ಕೆಂಡ ಹಾರಿ ಕಂಬಳಿಯ ಮೇಲೆ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಸುಟ್ಟ ಉಣ್ಣೆಯ ವಾಸನೆ ಮೊದಲು ಬಡಿದದ್ದು ಆ ಹುಡುಗನ ಮೂಗಿಗೆ. ಹಾರಿ ಬಂದು ಬರಿಗೈಯಲ್ಲೇ ಬಡಿದು ಆರಿಸಿದ. ಅಂಗೈಯಗಲ ತೂತಾಗಿತ್ತು. ಅವನು ಅದರ ಅಂಚನ್ನು ಬೆರಳಲ್ಲಿ ಉಜ್ಜಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ.

‘ಸರ್, ಇದು ಅಂಗಡಿಯದಲ್ಲ. ಯಾರು ಮಾಡಿದ್ದು?’

ಆ ವರ್ಷವೆಲ್ಲ ಅವನು ನನಗೆ ಕೇಳಿದ ಮೊದಲ ಪ್ರಶ್ನೆ ಅದು. 40 ಮಕ್ಕಳೂ ಇಬ್ಬರು ಶಿಕ್ಷಕರೂ ನನ್ನತ್ತ ನೋಡುತ್ತಿದ್ದರು.

‘ನಮ್ಮವ್ವ ನೂತದ್ದು, ದೊಡ್ಡಪ್ಪ ನೇಯ್ದದ್ದು. ಉಣ್ಣೆ ನಮ್ಮಪ್ಪನ ಕುರಿಗಳದ್ದು. ನಮ್ಮಪ್ಪ ವ್ಯಾಪಾರಿಯಲ್ಲ, ಕುರಿ ಕಾಯುತ್ತಾನೆ’ ಅಂದೆ.

ಯಾರೂ ನಗಲಿಲ್ಲ. ಬಾಯಿ ತೆರೆದದ್ದಾಯಿತು, ಇನ್ನು ಮುಚ್ಚಬಾರದು ಅನ್ನಿಸಿತು. ಹುಣಸೆ ಮರದ ಕಥೆ ಹೇಳಿದೆ. ಆಮೇಲೆ ಆ ಹುಡುಗನ ಕಡೆ ತಿರುಗಿ, ‘ಅದೇ ಮಾತನ್ನು ನಿನಗೆ ಹೇಳಿದೆ. ತಪ್ಪಾಯಿತು’ ಎಂದೆ. ಅವನು ಏನೂ ಹೇಳಲಿಲ್ಲ. ಬೆಂಕಿಗೆ ಎರಡು ಸೌದೆ ಇಟ್ಟು, ತನ್ನ ಡೇರೆಗೆ ಹೋಗಿ ಮಲಗಿದ. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಚಳಿಗೋ, ಅವನ ಮೌನಕ್ಕೋ ಗೊತ್ತಿಲ್ಲ.

ಇನ್ನೂ ಕತ್ತಲಿರುವಾಗ ಯಾರೋ ಡೇರೆಯ ಬಟ್ಟೆ ತಟ್ಟಿದರು. ‘ಸರ್, ಹಕ್ಕಿ ಏಳುವ ಹೊತ್ತು.’ ಅವನೇ. ಕಾಡಿನಂಚಿನಲ್ಲಿ ಒಂದು ಬಿದ್ದ ಮರದ ಹಿಂದೆ ಕೂತೆವು. ಹುಲ್ಲಿನ ಮೇಲೆಲ್ಲ ಬಿಳಿ ಇಬ್ಬನಿ ಗಟ್ಟಿಯಾಗಿತ್ತು.

‘ನಿಮ್ಮಪ್ಪನ ಹತ್ತಿರ ಎಷ್ಟು ಕುರಿ ಸರ್?’

‘60 ಇರಬಹುದು. ನಿಮ್ಮ ಯಾಕ್?’

‘58.’

‘ಎಣಿಸುವುದು ಹೇಗೆ?’ ಎಂದು ಕೇಳಿದೆ. ಅವನು ನಕ್ಕ. ‘ಎಣಿಸುವುದಿಲ್ಲ ಸರ್. ನೋಡಿದರೆ ಯಾರು ಬಂದಿಲ್ಲ ಅಂತ ಗೊತ್ತಾಗುತ್ತದೆ.’

ನಮ್ಮಪ್ಪನೂ ಹಾಗೇ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು, ಕುರಿಗಳು ನುಗ್ಗುವಾಗ ಒಂದು ನೋಟ ಹರಿಸಿ, ‘ಆ ಕಿವಿ ಹರಿದದ್ದು ಬಂದಿಲ್ಲ’ ಎಂದು ಕೋಲು ತೆಗೆದುಕೊಂಡು ಹೊರಡುತ್ತಿದ್ದ. ಒಂದೊಂದರ ಮುಖವೂ ಗೊತ್ತಿದ್ದವನಿಗೆ ಸಂಖ್ಯೆ ಬೇಕಿರಲಿಲ್ಲ. ನಾನೋ, ಎರಡು ವರ್ಷ ಕಲಿಸಿದ ಮಕ್ಕಳನ್ನು 39, 40 ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ.

ಮಂಜಿನೊಳಗಿಂದ ಹಕ್ಕಿಗಳು ಎದ್ದವು. ಅವು ನಮ್ಮ ತಲೆಯ ಮೇಲೆ ಹಾದು ಹೋಗುವವರೆಗೂ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು ಮೆಲ್ಲಗೆ, ‘ಚಳಿಗಾಲದ ರಜೆಗೆ ಹೋದರೆ ಮತ್ತೆ ಶಾಲೆಗೆ ಬರಬಾರದು ಅಂದುಕೊಂಡಿದ್ದೆ ಸರ್’ ಅಂದ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಮರುದಿನ ಹಬ್ಬ. ಕಣಿವೆಯ ಶಾಲಾ ಮಕ್ಕಳು ಕ್ರೌಂಚದ ವೇಷ ತೊಟ್ಟು, ಕೊಕ್ಕು ಅಲುಗಿಸಿ ಕುಣಿದರು. ಉಳುಕಿದ ಕಾಲಿನ ಸೋನಂ ನನ್ನ ಕಂಬಳಿ ಹೊದ್ದೇ ಕೂತು ಚಪ್ಪಾಳೆ ತಟ್ಟಿದಳು.

ಡಿಸೆಂಬರಿನಲ್ಲಿ ಶಾಲೆಗೆ ರಜೆ ಬಂದಾಗ ಆ ಹುಡುಗ ನನ್ನ ಮನೆ ಬಾಗಿಲಿಗೆ ಬಂದ. ‘ಕಂಬಳಿ ಕೊಡಿ ಸರ್, ನಮ್ಮಮ್ಮ ಸರಿ ಮಾಡುತ್ತಾಳೆ.’ ಕೊಟ್ಟೆ. ಆ ರಜೆಯೆಲ್ಲ ನನಗೆ ಒಂದೇ ಯೋಚನೆ. ಕಂಬಳಿಯದಲ್ಲ, ಅವನು ತಿರುಗಿ ಬರುತ್ತಾನೋ ಇಲ್ಲವೋ ಎಂದು. ಶಾಲೆ ಶುರುವಾಗಿ ಒಂದು ವಾರವಾಯಿತು, ಎರಡು ವಾರವಾಯಿತು. ಮೂರನೇ ವಾರ ಬೆಳಿಗ್ಗೆ ಹಾಜರಿ ಕೂಗುವಾಗ ಬಾಗಿಲಲ್ಲಿ ಅವನು, ಕಂಕುಳಲ್ಲಿ ಕಂಬಳಿಯ ಸುರುಳಿ. ತೂತಿದ್ದ ಜಾಗದಲ್ಲಿ ಕಂದು ಯಾಕ್ ಕೂದಲಿನ ನೇಯ್ಗೆ. ಸುರುಳಿಯೊಳಗೆ ದಾರಕ್ಕೆ ಪೋಣಿಸಿದ ಒಣ ಗಿಣ್ಣು, ಕಲ್ಲಿನ ಹಾಗೆ ಗಟ್ಟಿ. ‘ಅಮ್ಮ ಕೊಟ್ಟಳು. ನಿಮ್ಮಪ್ಪನಿಗಂತೆ’ ಅಂದ.

ಆ ವರ್ಷದಿಂದ ಸಂಜೆ ಅವನು ನನ್ನ ಮನೆಯಲ್ಲಿ ಕೂತು ಲೆಕ್ಕ ಮಾಡಿದ. ಯಾಕ್ ಮೇವು, ಬೆಣ್ಣೆಯ ತೂಕ, ಗಿಣ್ಣಿನ ಬೆಲೆ ಎಂದು ಹೇಳಿಕೊಟ್ಟರೆ ಸಮೀಕರಣ ತಾನಾಗಿ ತಲೆಗೆ ಹೋಗುತ್ತಿತ್ತು. ವರ್ಷದ ಕೊನೆಗೆ 47 ಅಂಕ ಬಂತು. ನನ್ನ ಯಾವ ವಿದ್ಯಾರ್ಥಿಯ 100 ಅಂಕವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

2004ರಲ್ಲಿ ನಾನು ಊರಿಗೆ ಮರಳಿದೆ. ನಾವು ಶಿಬಿರಕ್ಕೆ ಹೋದಾಗ ಆ ಕಣಿವೆ ರಾತ್ರಿ ಪೂರ್ತಿ ಕತ್ತಲು. ಮುಂದೆ ಅಲ್ಲಿಗೆ ಕರೆಂಟು ಬಂದಾಗ, ಹಕ್ಕಿಗಳಿಗೆ ತಗುಲಬಾರದೆಂದು ತಂತಿಗಳನ್ನು ನೆಲದಡಿ ಹಾಕಿದರಂತೆ. ಓದಿದಾಗ ಕೂಗದೆ ಕೂತಿದ್ದ ಆ ಹುಡುಗಿ ನೆನಪಾದಳು. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಎರೆಭೂತ ಎನ್ನುವ ದೊಡ್ಡ ಹಕ್ಕಿ ಬೆರಳೆಣಿಕೆಯಷ್ಟೇ ಉಳಿದಿದೆ. ಅದಕ್ಕಾಗಿ ನಾವೂ ಅಷ್ಟು ಮಾಡಬಹುದಲ್ಲವೇ ಎಂದು ಯೋಚಿಸುತ್ತೇನೆ.

ಊರಿಗೆ ಬಂದ ದಿನ ಅಪ್ಪನ ಮುಂದೆ ಕಂಬಳಿ ಹಾಸಿ ಇಡೀ ಕಥೆ ಹೇಳಿದೆ, ಸ್ಟಾಫ್ ರೂಮಿನ ಸುಳ್ಳನ್ನೂ ಬಿಡಲಿಲ್ಲ. ಅಪ್ಪ ಸುಳ್ಳಿನ ವಿಷಯ ಏನೂ ಕೇಳಲಿಲ್ಲ. ತೇಪೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದ. ‘ಯಾವ ತಾಯಿ ನೇಯ್ದವ್ಳೋ, ಗಟ್ಟಿಗಿತ್ತಿ. ಕಂಬಳಿ ಹರಿದ್ರೂ ಈ ತೇಪೆ ಹರಿಯಾಕಿಲ್ಲ’ ಅಂದ. ಗಿಣ್ಣನ್ನು ಬಾಯಿಗೆ ಹಾಕಿಕೊಂಡು ಸಂಜೆಯವರೆಗೂ ಚೀಪುತ್ತಾ ಕೂತಿದ್ದ. ಅಪ್ಪ ಈಗಿಲ್ಲ. ಅವನು ಹೇಳಿದ್ದು ನಿಜವೇ ಆಯಿತು. ಕಂಬಳಿಯ ಅಂಚು ಸವೆದಿದೆ, ತೇಪೆ ಇನ್ನೂ ಹೊಸದರ ಹಾಗಿದೆ.

ಕಥೆ ಮುಗಿದಾಗ ಮೊಮ್ಮಗಳು ತೇಪೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ‘ಆ ಅಣ್ಣ ಈಗ ಏನ್ಮಾಡ್ತಿದಾನೆ ತಾತ?’ ಎಂದು ಕೇಳಿದಳು. ಕೊನೆಯ ಸಲ ಕಾಗದ ಬಂದಾಗ ಅವನು ಹತ್ತನೇ ತರಗತಿ ಪಾಸಾಗಿದ್ದ, ಅಪ್ಪನ ಯಾಕ್‌ಗಳು 64 ಆಗಿವೆ ಎಂದು ಬರೆದಿದ್ದ. ಆಮೇಲೆ ವಿಳಾಸಗಳು ಬದಲಾದವು.

ಶಿಬಿರದ ದಿನ ಬೆಳಿಗ್ಗೆ ನೋಡಿದರೆ ಅವಳ ಚೀಲದ ಜಿಪ್ ಮುಚ್ಚುತ್ತಿಲ್ಲ. ಸ್ಲೀಪಿಂಗ್ ಬ್ಯಾಗಿನ ಪಕ್ಕದಲ್ಲೇ ಕಂಬಳಿಯನ್ನೂ ತುರುಕಿದ್ದಳು. ನಾನು ಚೀಲದ ಮೇಲೆ ಮೊಣಕಾಲೂರಿ ಅದುಮಿ ಹಿಡಿದೆ, ಅವಳು ಜಿಪ್ ಎಳೆದಳು.

‘ಬೆಂಕಿ ಹತ್ರ ಕೂರಲ್ಲ ತಾತ’ ಎಂದು ಕೈಬೀಸಿ ಹೋದಳು.